ಆರ್ಕಿಟೆಕ್ಟ್–ಎಂಜಿನಿಯರ್ ಜಂಟಿ ವಿನ್ಯಾಸ: ಹಸಿರು ಕಟ್ಟಡದ ಮೊದಲ ಎಂಟು ವಾರ

ನಮ್ಮಲ್ಲಿ ಬಹುಪಾಲು ಕಟ್ಟಡಗಳ ಕೆಲಸ ಸಾಗುವ ಕ್ರಮ ಗೊತ್ತಿರುವಂಥದ್ದೇ. ಆರ್ಕಿಟೆಕ್ಟ್ ಪ್ಲಾನ್, ಎಲಿವೇಶನ್ ಬರೆಯುತ್ತಾರೆ, ಮಾಲೀಕರು ಒಪ್ಪುತ್ತಾರೆ, ಕಡತ ಮಂಜೂರಾತಿಗೆ ಹೋಗುತ್ತದೆ. ಆಮೇಲೆ ಅದೇ ನಕ್ಷೆ ಸ್ಟ್ರಕ್ಚರಲ್ ಎಂಜಿನಿಯರ್ ಮೇಜಿಗೆ ಬರುತ್ತದೆ. ಅಲ್ಲಿಂದ ಎಲೆಕ್ಟ್ರಿಕಲ್, ಪ್ಲಂಬಿಂಗ್, ಕೊನೆಗೆ ಎಸಿಯವರ ಬಳಿಗೆ. ಕಟ್ಟಡದ ದಿಕ್ಕು, ಅಗಲ, ಅಂತಸ್ತಿನ ಎತ್ತರ, ಕಿಟಕಿಯ ಜಾಗ ಎಲ್ಲವೂ ಅಷ್ಟರಲ್ಲಿ ಗಟ್ಟಿಯಾಗಿರುತ್ತವೆ. ಪಶ್ಚಿಮಕ್ಕೆ ಗಾಜಿನ ಗೋಡೆ ನಿಂತಾಗಿದ್ದರೆ ಎಸಿ ಎಂಜಿನಿಯರ್‌ಗೆ ಉಳಿಯುವ ಕೆಲಸ ಟನ್ ಹೆಚ್ಚಿಸುವುದೊಂದೇ. ಹಸಿರು ಕಟ್ಟಡ ಎಂದು ಕೊನೆಯಲ್ಲಿ ಸೋಲಾರ್ ಪ್ಯಾನೆಲ್ ಹೊದಿಸಿ ಫಲಕ ಹಾಕುವುದು ಈ ಕ್ರಮದ ಫಲ.

ಈ ಮಾರ್ಗದರ್ಶಿಯ ಉದ್ದೇಶ ಆ ಕ್ರಮವನ್ನು ತಿರುವಿ ಹಾಕುವುದು. ಯಾವ ತೀರ್ಮಾನ ಯಾವ ವಾರದಲ್ಲಿ, ಯಾರು ಯಾರು ಕೂತು ಮಾಡಬೇಕು, ಆಗ ಮೇಜಿನ ಮೇಲೆ ಯಾವ ಅಂಕಿ ಇರಬೇಕು ಎಂಬುದನ್ನು ಒಂದೊಂದಾಗಿ ನೋಡೋಣ. ಲೆಕ್ಕ ಹಿಡಿಯಲು ಒಂದು ಮಾದರಿ ಇಟ್ಟುಕೊಳ್ಳೋಣ: ಬೆಂಗಳೂರಿನ ಅಂಚಿನಲ್ಲಿ ಎರಡು ಅಂತಸ್ತಿನ ಕಚೇರಿ, ಒಟ್ಟು 1,500 ಚ.ಮೀ., 150 ಜನ, ವರ್ಷಕ್ಕೆ 250 ಕೆಲಸದ ದಿನ. ನಿಮ್ಮದು ಶಾಲೆಯೋ ಆಸ್ಪತ್ರೆಯೋ ಆಗಿದ್ದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಮೊದಲ ವಾರಕ್ಕೂ ಮೊದಲು: ಶುಲ್ಕ

ಜಂಟಿ ವಿನ್ಯಾಸ ಹೆಚ್ಚಾಗಿ ಹಳ್ಳ ಹಿಡಿಯುವುದು ಶುಲ್ಕದ ಲೆಕ್ಕದಲ್ಲಿ. ಎಸಿ ಸಲಹೆಗಾರರಿಗೆ ಅವರ ಕೆಲಸದ ವೆಚ್ಚದ ಮೇಲೆ ಶೇಕಡಾವಾರು ಶುಲ್ಕ ಗೊತ್ತುಮಾಡಿದರೆ, 100 ಟನ್ನನ್ನು 20ಕ್ಕೆ ಇಳಿಸಿದವರ ಕೈಗೆ ಐದನೇ ಒಂದು ಪಾಲು ಹಣ ಬರುತ್ತದೆ, ತಲೆ ಓಡಿಸಿದ್ದು ಮಾತ್ರ ಹೆಚ್ಚು. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಚದರಡಿ ಲೆಕ್ಕದಲ್ಲಿ ಕೊಟ್ಟರೆ ಮೂರು ಪರ್ಯಾಯ ಗ್ರಿಡ್ (ಕಾಲಂಗಳ ಜೋಡಣೆ) ಹೋಲಿಸಿ ನೋಡಲು ಅವರಿಗೆ ಕಾರಣವೇ ಇರುವುದಿಲ್ಲ. ಕಬ್ಬಿಣ ಸ್ವಲ್ಪ ಜಾಸ್ತಿ ಹಾಕಿ ಒಂದೇ ಸಲಕ್ಕೆ ಮುಗಿಸುವುದು ಅವರಿಗೆ ಲಾಭ.

ಆದ್ದರಿಂದ ಎಲ್ಲ ಸಲಹೆಗಾರರಿಗೂ ಒಟ್ಟು ಮೊತ್ತದ ಶುಲ್ಕ ಗೊತ್ತುಮಾಡಿ. ಅದರಲ್ಲಿ ಮೊದಲ ಎಂಟು ವಾರದ ಕೆಲಸಕ್ಕೆ ಬೇರೆ ಕಂತು ಬರೆಯಿರಿ. ಕಂತಿಗೆ ಎದುರಾಗಿ ಕೊಡಬೇಕಾದದ್ದು ಡ್ರಾಯಿಂಗ್ ಅಲ್ಲ, ಪರ್ಯಾಯಗಳ ಹೋಲಿಕೆ ಮತ್ತು ಸಭೆಗಳಲ್ಲಿ ಹಾಜರಿ ಎಂದು ಸ್ಪಷ್ಟವಾಗಿರಲಿ. ಇನ್ನೊಂದು ಸಾಲು ಕರಾರಿನಲ್ಲಿರಬೇಕು: ಈ ಸಭೆಗಳಿಗೆ ಬರುವವರು ತೀರ್ಮಾನ ಹೇಳುವ ಅಧಿಕಾರ ಇರುವವರೇ ಆಗಿರಬೇಕು. ಕಿರಿಯರನ್ನು ಕಳಿಸಿ "ಸರ್‌ನ ಕೇಳಿ ಹೇಳ್ತೀವಿ" ಎಂದರೆ ಒಂದು ವಾರ ಹೋಯಿತು.

ತಂಡದಲ್ಲಿ ಆರ್ಕಿಟೆಕ್ಟ್, ಸ್ಟ್ರಕ್ಚರಲ್, ಎಲೆಕ್ಟ್ರಿಕಲ್, ಪ್ಲಂಬಿಂಗ್, ಎಸಿ ಎಂಜಿನಿಯರ್‌ಗಳ ಜೊತೆ ವೆಚ್ಚದ ಅಂದಾಜು ಮಾಡುವವರು ಮತ್ತು ಮುಂದೆ ಕಟ್ಟಡ ನೋಡಿಕೊಳ್ಳುವವರು ಇರಲಿ. ಸಾಧ್ಯವಾದರೆ ಒಬ್ಬ ಅನುಭವಿ ಮೇಸ್ತ್ರಿಯನ್ನು ಒಂದು ದಿನಕ್ಕಾದರೂ ಕರೆಸಿ. ಕಾಗದದ ಮೇಲೆ ಚೆಂದ ಕಾಣುವ, ಸೆಂಟ್ರಿಂಗ್ ಹೊಡೆಯಲು ಬಾರದ ಆಕಾರಗಳನ್ನು ಅವರು ಐದು ನಿಮಿಷದಲ್ಲಿ ತೋರಿಸುತ್ತಾರೆ.

ಮೊದಲ ವಾರ: ನಿವೇಶನದ ಮಾಹಿತಿ, ಪೆನ್ಸಿಲ್ ಮುಟ್ಟದೆ

ಮಣ್ಣಿನ ಪರೀಕ್ಷೆಯನ್ನು ಪ್ಲಾನ್ ಆದ ಮೇಲೆ ಮಾಡಿಸುವ ರೂಢಿ ಬಿಡಿ. ಕಟ್ಟಡ ಬರಬಹುದಾದ ಜಾಗದಲ್ಲಿ ಕನಿಷ್ಠ 3 ಬೋರ್ ತೆಗೆಸಿ. ಅದೇ ದಿನ ಮಳೆನೀರು ಇಂಗಿಸಬಹುದಾದ ಜಾಗದಲ್ಲಿ ನೀರು ಇಂಗುವ ವೇಗವನ್ನೂ ಅಳೆಸಿ; ಯಂತ್ರ ಹೇಗೂ ಅಲ್ಲಿರುತ್ತದೆ. ಹುಬ್ಬಳ್ಳಿ–ಧಾರವಾಡದ ಎರೆಮಣ್ಣಿನಲ್ಲಿ ಈ ಎರಡು ಮಾಹಿತಿ ಒಟ್ಟಿಗೆ ಬೇಕೇಬೇಕು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಲ್ಯಾಂಡ್‌ಸ್ಕೇಪ್ ನಕ್ಷೆಯಲ್ಲಿ ಅಂದಕ್ಕೆಂದು ಗೋಡೆಯ ಬುಡದಲ್ಲೇ ಇಂಗುಗುಂಡಿ ಇಟ್ಟರೆ, ಪಾಯದ ಎಂಜಿನಿಯರ್ ಲೆಕ್ಕವೆಲ್ಲ ಬುಡಮೇಲು.

ಎಲೆಕ್ಟ್ರಿಕಲ್ ಎಂಜಿನಿಯರ್ ಹತ್ತಿರದ ವಿದ್ಯುತ್ ಲೈನ್ ಎಲ್ಲಿದೆ, ಟ್ರಾನ್ಸ್‌ಫಾರ್ಮರ್‌ಗೆ ಜಾಗ ಎಲ್ಲಿ ಬೇಕಾಗುತ್ತದೆ ಎಂದು ತರಬೇಕು. ಪ್ಲಂಬಿಂಗ್‌ನವರು ಬೋರ್‌ವೆಲ್ ಇಳುವರಿ, ಒಳಚರಂಡಿಯ ಮಟ್ಟ, ಮಳೆನೀರು ಹರಿದುಹೋಗುವ ದಿಕ್ಕು ತರಬೇಕು. ಗಾಳಿಯ ಬಗ್ಗೆ ಸ್ಥೂಲವಾಗಿ ಹೇಳುವುದಾದರೆ ಬೆಂಗಳೂರಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ–ನೈಋತ್ಯದಿಂದ, ಚಳಿಗಾಲದಲ್ಲಿ ಪೂರ್ವ–ಈಶಾನ್ಯದಿಂದ ಬೀಸುತ್ತದೆ. ಆದರೆ ಪಕ್ಕದ ಐದಂತಸ್ತಿನ ಕಟ್ಟಡ ಅದನ್ನು ಪೂರ್ತಿ ತಿರುಗಿಸಬಲ್ಲದು. ಸ್ಥಳಕ್ಕೇ ಹೋಗಿ ನೋಡಬೇಕು.

ಇನ್ನು ವಾಸ್ತು. ಮಾಲೀಕರು ಕೇಳಿಯೇ ಕೇಳುತ್ತಾರೆ: ಸಂಪು ಈಶಾನ್ಯಕ್ಕೆ, ಓವರ್‌ಹೆಡ್ ಟ್ಯಾಂಕ್ ನೈಋತ್ಯಕ್ಕೆ. ಈ ಬೇಡಿಕೆಯನ್ನು ಮೊದಲ ವಾರದಲ್ಲೇ ಬಾಯಿಬಿಡಿಸಿ ಬರೆದುಕೊಳ್ಳಿ. ಏಳನೇ ವಾರದಲ್ಲಿ ಛಾವಣಿಯ ನಕ್ಷೆ ಮುಗಿದ ಮೇಲೆ ಬಂದರೆ ಸೋಲಾರ್ ಪ್ಯಾನೆಲ್‌ಗಳ ಮೇಲೆ ಟ್ಯಾಂಕಿನ ನೆರಳು ಬೀಳುತ್ತದೆ.

ಎರಡನೇ ವಾರ: ಎರಡು ದಿನದ ಕೂಟ, ಆಕಾರ ಮತ್ತು ದಿಕ್ಕು

ಈ ಕೂಟಕ್ಕೆ ಆರ್ಕಿಟೆಕ್ಟ್ ಸಿದ್ಧ ಪ್ಲಾನ್ ತರಬಾರದು. ಯಾವ ಕೆಲಸಕ್ಕೆ ಎಷ್ಟು ಚ.ಮೀ. ಬೇಕು ಎಂಬ ಪಟ್ಟಿ, ನಿವೇಶನದ ನಕ್ಷೆ, ಇಷ್ಟೇ ಸಾಕು. ಮೊದಲ ದಿನ ಮೂರು ಆಕಾರಗಳನ್ನು ಬರೆದು ಪ್ರತಿಯೊಂದಕ್ಕೂ ಎಲ್ಲರೂ ಅಂಕಿ ಹಾಕಬೇಕು.

ನಮ್ಮ ಮಾದರಿಗೆ 50 ಮೀ. ಉದ್ದ, 15 ಮೀ. ಅಗಲದ ಕಟ್ಟಡ ಹೊಂದುತ್ತದೆ. ಉದ್ದದ ಮುಖಗಳು ಉತ್ತರ, ದಕ್ಷಿಣಕ್ಕೆ. 15 ಮೀ. ಎಂಬುದು ಸುಮ್ಮನೆ ಬಂದದ್ದಲ್ಲ. ಎದುರುಬದುರು ಕಿಟಕಿಯ ಗಾಳಿ ಚಾವಣಿಯ ಎತ್ತರದ ಸುಮಾರು 5 ಪಟ್ಟು ಅಗಲದವರೆಗೆ ಕೆಲಸ ಮಾಡುತ್ತದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅದರ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಹಗಲಿನ ಬೆಳಕು ಬರುತ್ತದೆ. ಎರಡೂ ಕಡೆ 6 ಮೀ. ಕೆಲಸದ ಜಾಗ, ನಡುವೆ 3 ಮೀ. ಓಡಾಟದ ಜಾಗ ಇಟ್ಟರೆ ಬೆಳಕು, ಗಾಳಿ, ಕಾಲಂ ಸಾಲು ಮೂರೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದೇ ಜಾಗವನ್ನು 27 ಮೀ. ಚೌಕ ಮಾಡಿದರೆ ಗೋಡೆಯ ಉದ್ದ ಕಡಿಮೆ, ಆದರೆ ನಡುವಿನ ಭಾಗಕ್ಕೆ ಹಗಲಲ್ಲೂ ಲೈಟು, ಇಡೀ ವರ್ಷ ಎಸಿ. ಪೂರ್ವ–ಪಶ್ಚಿಮದ ಕಿರಿದಾದ ಗೋಡೆಗಳ ಬದಿಗೆ ಮೆಟ್ಟಿಲು, ಶೌಚಾಲಯ, ಸ್ಟೋರ್ ರೂಮು ಹಾಕಿ.

ನಿವೇಶನದ ಕೊರತೆಯೇ ಒಳ್ಳೆಯ ವಿನ್ಯಾಸಕ್ಕೆ ದಾರಿಯಾದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ದೊಮ್ಮಲೂರಿನಲ್ಲಿ ಇಂಧನ ಮತ್ತು ಸಂಪನ್ಮೂಲ ಸಂಶೋಧನೆಯ ಟೆರಿ ಸಂಸ್ಥೆಯ ಕಟ್ಟಡಕ್ಕೆ ದಕ್ಷಿಣದಲ್ಲಿ ನಾರುವ ಮೋರಿ ಇತ್ತು. ವಾಸ್ತುಶಿಲ್ಪಿ ಸಂಜಯ್ ಮೋಹೆ ಮತ್ತು ತಂಡ ಆ ಬದಿಯ ಗೋಡೆಯನ್ನು ಮುಚ್ಚಿ, ಅದರ ಹೊರಗೆ ಸಂದು ಬಿಟ್ಟು ಕಪ್ಪು ಕಡಪ ಕಲ್ಲಿನ ಪದರ ನಿಲ್ಲಿಸಿತು. ಬಿಸಿಲಿಗೆ ಕಲ್ಲು ಕಾಯುತ್ತದೆ, ಸಂದಿನ ಗಾಳಿ ಮೇಲೇರುತ್ತದೆ, ಆ ಎಳೆತಕ್ಕೆ ಉತ್ತರದ ತೆರೆದ ಬದಿಯಿಂದ ತಾಜಾ ಗಾಳಿ ಕೋಣೆಗಳ ಮೂಲಕ ಹಾಯುತ್ತದೆ. ಗೋಡೆ ಯಾರದು, ಗಾಳಿ ಯಾರದು ಎಂದು ಕೆಲಸ ಹಂಚಿಕೊಂಡು ಕೂತಿದ್ದರೆ ಇಂಥ ಗೋಡೆ ಹುಟ್ಟುವುದಿಲ್ಲ.

ಕೂಟದ ಎರಡನೇ ದಿನ ಗುರಿಗಳನ್ನು ಅಂಕಿಯಲ್ಲಿ ಬರೆಯಿರಿ. "ವಿದ್ಯುತ್ ಉಳಿಸೋಣ" ಎಂದು ಬರೆದರೆ ಪ್ರಯೋಜನವಿಲ್ಲ. ವರ್ಷಕ್ಕೆ ಚ.ಮೀ.ಗೆ 50 ಯೂನಿಟ್, ಅಂದರೆ ಒಟ್ಟು 75,000 ಯೂನಿಟ್. ತಲೆಗೆ ದಿನಕ್ಕೆ 45 ಲೀಟರ್ ನೀರು, ಅದರಲ್ಲಿ ಫ್ಲಶ್‌ಗೆ ಹೋಗುವ 20 ಲೀಟರ್ ಸಂಸ್ಕರಿಸಿದ ನೀರು. ಕೆಲಸದ ಮೇಜಿನ ಮೇಲೆ ಹಗಲಲ್ಲಿ 300 ಲಕ್ಸ್ ಬೆಳಕು, ದೀಪವಿಲ್ಲದೆ. ಮುಂದಿನ ಪ್ರತಿ ಚರ್ಚೆಗೂ ಇವು ತಕ್ಕಡಿ.

ಈ ಹಂತದಲ್ಲಿ ಇಡೀ ಕಟ್ಟಡದ ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿಸುವುದು ಹಣ ದಂಡ. ಒಂದೇ ಒಂದು ಬೇ, ಅಂದರೆ 5 ಮೀ. ಉದ್ದದ ತುಂಡನ್ನು ಎನರ್ಜಿಪ್ಲಸ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಹಾಕಿ ನಾಲ್ಕು ಬಗೆ ಬದಲಾಯಿಸಿ ನೋಡಿದರೆ ಸಂಜೆಯೊಳಗೆ ಉತ್ತರ ಸಿಗುತ್ತದೆ. ಎಂಟನೇ ವಾರದಲ್ಲಿ ಬರುವ ನೂರು ಪುಟದ ವರದಿಗಿಂತ ಎರಡನೇ ವಾರದ ಆ ಒರಟು ಉತ್ತರಕ್ಕೆ ಬೆಲೆ ಹೆಚ್ಚು.

ಮೂರು ಮತ್ತು ನಾಲ್ಕನೇ ವಾರ: ಒಂದು ಸೆಕ್ಷನ್, ಎಲ್ಲರ ಕೈ

ಇಡೀ ಪ್ರಕ್ರಿಯೆಯ ತಿರುಳು ಇಲ್ಲಿದೆ. ಹೊರಗೋಡೆಯಿಂದ ನಡುವಿನ ಓಡಾಟದ ಜಾಗದವರೆಗೆ ಒಂದು ಬೇಯನ್ನು ಅಡ್ಡ ಸೀಳಿ 1:20 ಅಳತೆಯಲ್ಲಿ ಬರೆಯಿರಿ. ಬೀಮ್, ಸ್ಲ್ಯಾಬ್, ಕಿಟಕಿ, ಸಜ್ಜಾ, ಫ್ಯಾನ್, ಲೈಟು, ಕಾಂಡ್ಯೂಟ್ (ವೈರು ಹೋಗುವ ಕೊಳವೆ), ಪೈಪು, ನೆಲದ ಟೈಲ್ ಎಲ್ಲ ಅದೊಂದೇ ಹಾಳೆಯಲ್ಲಿರಬೇಕು. ಪ್ರತಿ ಎಂಜಿನಿಯರೂ ಬೇರೆ ಬೇರೆ ಬಣ್ಣದಲ್ಲಿ ತಮ್ಮದನ್ನು ಬರೆಯಲಿ. ದುಬಾರಿ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಈ ಹಾಳೆ ಇದ್ದರೆ ನಡೆಯುತ್ತದೆ, ಹಾಳೆಯಿಲ್ಲದೆ ಸಾಫ್ಟ್‌ವೇರ್ ಒಂದರಿಂದ ನಡೆಯುವುದಿಲ್ಲ.

ನಮ್ಮ ಮಾದರಿಯ ಅಂತಸ್ತಿನ ಎತ್ತರ 3.3 ಮೀ. ಕಾಲಂಗಳು ಉದ್ದಕ್ಕೆ 5 ಮೀ.ಗೊಂದು, ಅಡ್ಡಕ್ಕೆ 6–3–6 ಮೀ. ಮುಖ್ಯ ಬೀಮ್‌ಗಳು ಉತ್ತರ–ದಕ್ಷಿಣವಾಗಿ ಓಡಲಿ. ಆಗ ಅವು ಬೆಳಕು, ಗಾಳಿ ಬರುವ ದಿಕ್ಕಿಗೆ ಸಮಾಂತರವಾಗಿರುತ್ತವೆ, ಅಡ್ಡ ಬರುವುದಿಲ್ಲ. 6 ಮೀ. ಹರವಿಗೆ ಬೀಮ್ ಆಳ ಸುಮಾರು 500 ಮಿ.ಮೀ. 5 ಮೀ. ಹರವಿನ ಸ್ಲ್ಯಾಬ್ 150 ಮಿ.ಮೀ. ದಪ್ಪ. ಅದರ ಭಾರದ ಹೆಚ್ಚು ಪಾಲು ಮುಖ್ಯ ಬೀಮ್‌ಗಳಿಗೆ ಹೋಗುವುದರಿಂದ ಹೊರ ಅಂಚಿನ ಬೀಮ್ ಹೊರುವ ಭಾರ ಕಡಿಮೆ.

ಈ ಅಂಚಿನ ಬೀಮ್‌ನಲ್ಲಿದೆ ಎಲ್ಲ ಮರ್ಮ. ರೂಢಿಯಂತೆ ಅದನ್ನು ಸ್ಲ್ಯಾಬಿನ ಕೆಳಗೆ ಇಳಿಬಿಟ್ಟು, 2.1 ಮೀ.ಗೆ ಲಿಂಟಲ್ ಹಾಕಿದರೆ ಬೆಳಕು 4.2ರಿಂದ 5 ಮೀ.ವರೆಗೆ ಮಾತ್ರ ಬರುತ್ತದೆ, 6 ಮೀ. ಬೇಯ ಒಳಸಾಲಿನವರು ಹಗಲೆಲ್ಲ ಟ್ಯೂಬ್‌ಲೈಟ್ ಹಾಕಿಕೊಂಡಿರುತ್ತಾರೆ. ಅದೇ ಬೀಮನ್ನು ತಲೆಕೆಳಗು ಮಾಡಿ ಸ್ಲ್ಯಾಬಿನ ಮೇಲಕ್ಕೆ ಎತ್ತಿದರೆ ಕಿಟಕಿ ಸ್ಲ್ಯಾಬಿನ ತಳದವರೆಗೆ, 3.1 ಮೀ. ಎತ್ತರಕ್ಕೆ ಹೋಗುತ್ತದೆ. ಬೆಳಕು 6.2 ಮೀ.ಗೆ ತಲುಪಿತು. ಮೇಲೆದ್ದ ಬೀಮ್ ಮೇಲಿನ ಅಂತಸ್ತಿನಲ್ಲಿ ಕಿಟಕಿಯ ಕೆಳಗಿನ ಗೋಡೆಯೊಳಗೆ ಅಡಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ತಪ್ಪುವುದು ಛಾವಣಿಯಲ್ಲಿ. ಮೇಲೆದ್ದ ಬೀಮ್ ಅಲ್ಲಿ ಒಡ್ಡಿನಂತೆ ನಿಂತು ಮಳೆನೀರನ್ನು ಹಿಡಿದಿಡುತ್ತದೆ. ನೀರು ಹೊರಹೋಗಲು ಬೀಮ್‌ನೊಳಗೆ 110 ಮಿ.ಮೀ. ಪೈಪಿನ ತೂತು ಸ್ಲ್ಯಾಬ್ ಮಟ್ಟದಲ್ಲೇ ಬೇಕು. ಆ ತೂತಿನ ಎರಡೂ ಪಕ್ಕ ಹೆಚ್ಚುವರಿ ರಿಂಗ್ ಕಟ್ಟುವಂತೆ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಬೇಕು, ಜಾಗವನ್ನು ಪ್ಲಂಬಿಂಗ್‌ನವರು ಗುರುತು ಮಾಡಬೇಕು, ಎರಡೂ ಬಾರ್ ಬೆಂಡರ್ ಕೈಗೆ ಮೋಲ್ಡ್ ಹಾಕುವ ಮೊದಲೇ ಸಿಗಬೇಕು. ಇಲ್ಲದಿದ್ದರೆ ಮೊದಲ ಮಳೆಯ ಮಾರನೇ ದಿನ ಯಾರೋ ಕೋರ್ ಕಟಿಂಗ್ ಯಂತ್ರ ತಂದು ಬೀಮ್‌ನ ಕೆಳಗಂಬಿಯನ್ನೇ ಕತ್ತರಿಸುತ್ತಾರೆ.

ಈಗ ನೆರಳು. ಬೆಂಗಳೂರಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣದಲ್ಲಿ 53.6 ಡಿಗ್ರಿ ಎತ್ತರದಲ್ಲಿರುತ್ತಾನೆ. 900 ಮಿ.ಮೀ. ಸಜ್ಜಾ ತನ್ನ ಕೆಳಗೆ 1.22 ಮೀ. ನೆರಳು ಕೊಡುತ್ತದೆ, 600 ಮಿ.ಮೀ. ಸಜ್ಜಾ 81 ಸೆಂ.ಮೀ. ಮಾತ್ರ. ನಮ್ಮ ಕಿಟಕಿ 0.9ರಿಂದ 3.1 ಮೀ.ವರೆಗೆ, ಒಟ್ಟು 2.2 ಮೀ. ಎತ್ತರ. ಅದನ್ನು ಎರಡಾಗಿ ಸೀಳಿ: 2.1 ಮೀ. ಮಟ್ಟದಲ್ಲಿ 900 ಮಿ.ಮೀ. ಸಜ್ಜಾ ಕೆಳಗಿನ 1.2 ಮೀ. ಗಾಜನ್ನು ಕಾಯುತ್ತದೆ, ಮೇಲೆ ಸ್ಲ್ಯಾಬನ್ನೇ 750 ಮಿ.ಮೀ. ಹೊರಚಾಚಿದರೆ ಮೇಲಿನ 1 ಮೀ. ಗಾಜಿಗೆ ನೆರಳಾಯಿತು. ನಡುವಿನ ಸಜ್ಜಾಕ್ಕೆ ಕಾಲಂನಿಂದ ಕಾಲಂಗೆ ಲಿಂಟಲ್ ಪಟ್ಟಿ ಬೇಕು, ಅದರ ಕಂಬಿಯನ್ನು ಕಾಲಂ ಹಾಕುವಾಗಲೇ ಬಿಟ್ಟಿರಬೇಕು. ಸಜ್ಜಾದ ಮೇಲ್ಮೈಗೆ ಬಿಳಿ ಬಣ್ಣ ಹೊಡೆದರೆ ಬೆಳಕು ಪುಟಿದು ಒಳಚಾವಣಿಗೆ ಬೀಳುತ್ತದೆ.

ಪಶ್ಚಿಮದ ಬದಿಗೆ ಸಜ್ಜಾ ನಂಬಬೇಡಿ. ಮಾರ್ಚ್ 21ರಂದು ಸೂರ್ಯಮಾನದ ಸಂಜೆ 4 ಗಂಟೆಗೆ, ಬೆಂಗಳೂರಿನ ಗಡಿಯಾರದಲ್ಲಿ ಸುಮಾರು 4:27ಕ್ಕೆ, ಸೂರ್ಯ 29 ಡಿಗ್ರಿಗೆ ಇಳಿದಿರುತ್ತಾನೆ. ಆಗ 600 ಮಿ.ಮೀ. ಸಜ್ಜಾ ಕೊಡುವ ನೆರಳು ಬರೀ 34 ಸೆಂ.ಮೀ. ಕಿಟಕಿಯೇ ಇಲ್ಲದಿರುವುದು ಮೇಲು. ಬೇಕೇ ಬೇಕೆಂದರೆ ತೂತುಗಳಿರುವ ಜಾಲಿ ಗೋಡೆ.

ಉತ್ತರದ ಬದಿಗೆ ಬಿಸಿಲೇ ಬರುವುದಿಲ್ಲ ಎಂಬ ಪಾಠ ಯುರೋಪಿನ ಪುಸ್ತಕಗಳದ್ದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 18ರ ಹೊತ್ತಿಗೆ ಮರಳುತ್ತಾನೆ. ಜೂನ್‌ನ ಸಂಜೆ ಬಿಸಿಲು ಪಶ್ಚಿಮದಿಂದ ಸುಮಾರು 20 ಡಿಗ್ರಿ ಉತ್ತರಕ್ಕೆ ಓರೆಯಾಗಿ ಬರುತ್ತದೆ. ಉತ್ತರದ ಕಿಟಕಿಗೆ ಬೇಕಾದದ್ದು ಪಶ್ಚಿಮದ ಅಂಚಿನಲ್ಲಿ ನೆಟ್ಟಗೆ ನಿಲ್ಲುವ ಫಿನ್, ಅಂದರೆ ಹೊರಚಾಚಿದ ಹಲಗೆ. ಸಜ್ಜಾ 450 ಮಿ.ಮೀ. ಇದ್ದರೆ ಮಳೆಗೆ ಸಾಕು.

ಕಿಟಕಿಯ ಅಗಲ ಬೇಗೆ 2.4 ಮೀ. ಎಂದು ಹಿಡಿದರೆ ಆ ಮುಖದ ಗೋಡೆಯ ಶೇ. 32 ಗಾಜು, ಇಂಧನ ಉಳಿತಾಯದ ಕಟ್ಟಡ ಸಂಹಿತೆಯಾದ ಇಸಿಬಿಸಿಯ ಶೇ. 40ರ ಮಿತಿಯೊಳಗೆ. ಸ್ಲೈಡಿಂಗ್ ಕಿಟಕಿ ಹಾಕಿದರೆ ಅರ್ಧವಷ್ಟೇ ತೆರೆಯುತ್ತದೆ, ಸೊಳ್ಳೆಪರದೆ ಬಂದರೆ ಗಾಳಿ ಇನ್ನೂ ಕಡಿಮೆ. ಗಾಳಿಯ ಲೆಕ್ಕ ಹಾಕುವವರು ನಕ್ಷೆಯ ಕಿಟಕಿಯನ್ನು ಅಳೆಯುತ್ತಾರೆ, ಗುತ್ತಿಗೆದಾರರು ಸ್ಲೈಡಿಂಗ್ ತಂದು ಕೂರಿಸುತ್ತಾರೆ. ಬಾಗಿಲಿನಂತೆ ತೆರೆಯುವ ಕಿಟಕಿ ಎಂದು ಸೆಕ್ಷನ್ ಹಾಳೆಯಲ್ಲೇ ಬರೆದುಬಿಡಿ.

ಐದನೇ ವಾರ: ಎಷ್ಟು ತಂಪು ಬೇಕು?

ಟನ್ ಲೆಕ್ಕಕ್ಕೆ ಮೊದಲು ಈ ಪ್ರಶ್ನೆ. 150 ಚದರಡಿಗೆ 1 ಟನ್ ಎಂಬ ರೂಢಿಯ ಲೆಕ್ಕ ಹಿಡಿದರೆ ನಮ್ಮ 1,500 ಚ.ಮೀ.ಗೆ, ಅಂದರೆ 16,100 ಚದರಡಿಗೆ, 107 ಟನ್ ಬೇಕು. ವಿದ್ಯುತ್ ಹೊರೆ ಎಸಿಯೊಂದಕ್ಕೇ 100 ಕಿಲೋವ್ಯಾಟ್ ದಾಟುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಜನರೇಟರ್, ಅದಕ್ಕೆ ಕೋಣೆ, ಛಾವಣಿ ತುಂಬ ಹೊರಘಟಕ.

ಭಾರತದ ಕಟ್ಟಡಗಳಲ್ಲೇ ಅಧ್ಯಯನ ಮಾಡಿ ರೂಪಿಸಿದ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸೇರಿರುವ ಐಮ್ಯಾಕ್ ಎಂಬ ಹಿತ ಉಷ್ಣಾಂಶದ ಮಾದರಿ ಬೇರೆ ಮಾತು ಹೇಳುತ್ತದೆ. ಕಿಟಕಿ ತೆರೆಯುವ ಕಟ್ಟಡದಲ್ಲಿ ಹೊರಗಿನ ಸರಾಸರಿ ಉಷ್ಣಾಂಶವನ್ನು 0.54ರಿಂದ ಗುಣಿಸಿ 12.83 ಕೂಡಿಸಿದರೆ ಜನರಿಗೆ ಹಿತವಾಗುವ ಒಳಗಿನ ಉಷ್ಣಾಂಶ ಸಿಗುತ್ತದೆ. ಹೊರಗಿನ ಸರಾಸರಿ 28 ಡಿಗ್ರಿ ಇದ್ದರೆ ಉತ್ತರ 28ರ ಸುತ್ತಮುತ್ತ. ಮೇಲೆ ಕೆಳಗೆ 2.4 ಡಿಗ್ರಿ ಬಿಟ್ಟರೂ ಹತ್ತರಲ್ಲಿ ಒಂಬತ್ತು ಮಂದಿ ಒಪ್ಪುತ್ತಾರೆ. ಬೆಂಗಳೂರಿನ ಬೇಸಿಗೆಗೆ 30 ಡಿಗ್ರಿಯ ಕೋಣೆ, ತಲೆಯ ಮೇಲೆ ಫ್ಯಾನ್, ಇಷ್ಟೇ ಸಾಕಾಗುವ ದಿನಗಳೇ ಹೆಚ್ಚು. 75 ವ್ಯಾಟಿನ ಹಳೆಯ ಫ್ಯಾನ್ ಬದಲು 30 ವ್ಯಾಟಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಹಾಕಿ.

ಎಸಿ ಬೇಕಾದದ್ದು ಸಭಾಂಗಣ, ಸರ್ವರ್ ಕೋಣೆ, ಎರಡು ಮೀಟಿಂಗ್ ರೂಮು, ಒಟ್ಟು 200 ಚ.ಮೀ. ಎಂದುಕೊಳ್ಳಿ. 200 ಚದರಡಿಗೆ 1 ಟನ್ ಹಿಡಿದರೂ 11 ಟನ್ನಿಗೆ ಮುಗಿಯುತ್ತದೆ. ಈ ತೀರ್ಮಾನಕ್ಕೆ ಮಾಲೀಕರ ಸಹಿ ಬೇಕು. "ಎಸಿ ಇಲ್ಲದ ಆಫೀಸಾ?" ಎಂಬ ಮಾತು ಉದ್ಘಾಟನೆಯ ಹಿಂದಿನ ವಾರ ಬಂದರೆ ಕಿಟಕಿಗಳಿಗೆಲ್ಲ ಸ್ಪ್ಲಿಟ್ ಯೂನಿಟ್ ನೇತಾಡುತ್ತವೆ.

ಇಡೀ ಕಟ್ಟಡಕ್ಕೆ ಎಸಿ ಅನಿವಾರ್ಯವಾದಾಗಲೂ ಆಯ್ಕೆ ಆರಂಭದಲ್ಲೇ ಆಗಬೇಕು. ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಇನ್ಫೋಸಿಸ್ ಒಂದೇ ಕಟ್ಟಡದ ಎರಡು ಸರಿಸಮ ಭಾಗಗಳಿಗೆ ಎರಡು ಬಗೆಯ ತಂಪು ಕೊಟ್ಟು ಅಳೆಯಿತು: ಒಂದಕ್ಕೆ ಮಾಮೂಲು ಗಾಳಿಯ ಎಸಿ, ಇನ್ನೊಂದಕ್ಕೆ ಸ್ಲ್ಯಾಬಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ಎರಡನೆಯದು ತಂಪಿಗೆ ಬಳಸಿದ ವಿದ್ಯುತ್ ಸುಮಾರು ಮೂರನೇ ಒಂದು ಭಾಗ ಕಡಿಮೆ. ಕೊಳವೆ ಸ್ಲ್ಯಾಬಿನೊಳಗೇ ಹುದುಗಬೇಕು, ಅಂದರೆ ಎಸಿ ಎಂಜಿನಿಯರ್ ಕೊನೆಯಲ್ಲಿ ಬರುವ ಪದ್ಧತಿಯಲ್ಲಿ ಇದು ಸಾಧ್ಯವೇ ಇಲ್ಲ.

ಆರನೇ ವಾರ: ಯಾವುದರಿಂದ ಕಟ್ಟುವುದು

ಸಿಮೆಂಟಿನ ಕ್ಲಿಂಕರ್ (ಸುಣ್ಣಕಲ್ಲು ಸುಟ್ಟು ಮಾಡುವ ಮೂಲವಸ್ತು) ಒಂದು ಕೆ.ಜಿ.ಗೆ ಸುಮಾರು 0.8ರಿಂದ 0.9 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದ್ದರಿಂದ ಮೊದಲ ಉಳಿತಾಯ ಕಾಂಕ್ರೀಟ್ ಕಡಿಮೆ ಮಾಡುವುದರಲ್ಲಿ, ಎರಡನೆಯದು ಕ್ಲಿಂಕರ್ ಕಡಿಮೆ ಇರುವ ಸಿಮೆಂಟಿನಲ್ಲಿ. ಬಳ್ಳಾರಿ ಭಾಗದ ಉಕ್ಕಿನ ಕಾರ್ಖಾನೆಗಳ ಸ್ಲ್ಯಾಗ್ (ಕಿಟ್ಟ), ರಾಯಚೂರಿನ ವಿದ್ಯುತ್ ಸ್ಥಾವರದ ಹಾರುಬೂದಿ ನಮ್ಮ ರಾಜ್ಯದಲ್ಲೇ ಸಿಗುತ್ತವೆ. ಸ್ಲ್ಯಾಗ್ ಸಿಮೆಂಟಿನ ಕಾಂಕ್ರೀಟ್ ಮೊದಮೊದಲು ನಿಧಾನವಾಗಿ ಗಟ್ಟಿಯಾಗುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕ್ಯೂರಿಂಗ್ ಕನಿಷ್ಠ 10 ದಿನ. ಸೆಂಟ್ರಿಂಗ್ ಬಿಚ್ಚುವುದೂ ತಡವಾಗುತ್ತದೆ. ಇದನ್ನು ಈಗಲೇ ವೇಳಾಪಟ್ಟಿಗೆ ಸೇರಿಸದಿದ್ದರೆ ಸೈಟಿನಲ್ಲಿ ಗುತ್ತಿಗೆದಾರರು ಮಾಮೂಲು ಒಪಿಸಿ ಸಿಮೆಂಟಿಗೆ ಮರಳುತ್ತಾರೆ, ಬೈಯುವುದು ಸ್ಲ್ಯಾಗನ್ನು.

ಫಿಲ್ಲರ್ ಸ್ಲ್ಯಾಬ್ ಇನ್ನೊಂದು ದಾರಿ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಕಂಬಿಯನ್ನು ಹಿಡಿದಿಡುತ್ತದೆಯೇ ಹೊರತು ಎಳೆತ ತಡೆಯುವುದಿಲ್ಲ. ಕಂಬಿಗಳ ನಡುವೆ ಎರಡೆರಡು ಮಂಗಳೂರು ಹಂಚು ಬೋರಲಾಗಿ ಜೋಡಿಸಿ ಕೂರಿಸಿದರೆ ಕಾಂಕ್ರೀಟ್ ಶೇ. 15ರಿಂದ 25ರಷ್ಟು ಉಳಿಯುತ್ತದೆ, ಹಂಚಿನ ನಡುವಿನ ಗಾಳಿ ಬಿಸಿಯನ್ನೂ ತಡೆಯುತ್ತದೆ. ಆದರೆ ಹೀಗೆ ಮಾಡಲು ಮೂವರ ನಕ್ಷೆ ಒಂದಾಗಬೇಕು. ಬೀಮ್ ಪಕ್ಕದ ಪಟ್ಟಿಯಲ್ಲಿ ಹಂಚು ಇರಬಾರದು, ಅಲ್ಲಿ ಎಳೆತ ಮೇಲ್ಭಾಗದಲ್ಲಿದ್ದು ಒತ್ತಡ ಕೆಳಗೆ ಬರುತ್ತದೆ. ಕಾಂಡ್ಯೂಟ್ ಹಂಚಿನ ಮೇಲೆ ಹಾಯಬಾರದು, ಕಂಬಿಯ ಸಾಲಿನಲ್ಲೇ ಹೋಗಬೇಕು. ಫ್ಯಾನ್ ಬಾಕ್ಸ್ ಕಂಬಿ ಕೂಡುವ ಜಾಗಕ್ಕೇ ಬರಬೇಕು. ಎಲೆಕ್ಟ್ರಿಕಲ್ ನಕ್ಷೆ ಬೇರೆಯಾಗಿ ಬಂದರೆ ಮೋಲ್ಡಿನ ಹಿಂದಿನ ದಿನ ಎಲೆಕ್ಟ್ರಿಷಿಯನ್ ಹಂಚು ಒಡೆದು ಪೈಪು ಎಳೆಯುವುದು ಖಂಡಿತ. ಒಂದು ಬೇಗೆ ಹಂಚಿನ ಜೋಡಣೆಯ ನಕ್ಷೆ ಬರೆದು ಮೂವರೂ ಸಹಿ ಮಾಡಿ.

ಗೋಡೆಗೆ ಸುಡದೆ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಆಗಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಈ ತಂತ್ರವನ್ನು ಬೆಳೆಸಿತು, 230×190×100 ಮಿ.ಮೀ. ಅಳತೆಯ ಬ್ಲಾಕ್ ಈಗ ಬೆಂಗಳೂರಿನ ಸುತ್ತ ಹೊಸದೇನಲ್ಲ. ಇಲ್ಲಿಯ ಕೆಮ್ಮಣ್ಣಿನಲ್ಲಿ ಜೇಡಿ ಹೆಚ್ಚು, ಎಂ-ಸ್ಯಾಂಡ್ ಅಥವಾ ಕ್ವಾರಿ ಪುಡಿ ಬೆರೆಸಿ ಮರಳಿನಂಶವನ್ನು ಶೇ. 65ರ ಸುಮಾರಿಗೆ ತರಬೇಕು. ಸಿಮೆಂಟ್ ಶೇ. 7–8, ಕ್ಯೂರಿಂಗ್ 21ರಿಂದ 28 ದಿನ. ಸಂಪು ಅಗೆದ ಮಣ್ಣನ್ನೇ ಬಳಸುವುದಾದರೆ ಸಂಪು ಮೊದಲು ಅಗೆಯಬೇಕು, ಬ್ಲಾಕ್ ಒತ್ತಿ ಒಟ್ಟಲು ಜಾಗ ಬೇಕು. ನಿವೇಶನ ಇಕ್ಕಟ್ಟಾಗಿದ್ದರೆ ಈ ಆಸೆ ಬಿಡಿ.

ಬೆಂಗಳೂರಿನ ಹವೆಗೆ ಗೋಡೆಯ ಇನ್ಸುಲೇಶನ್‌ಗಿಂತ ಕಿಟಕಿಯ ನೆರಳು, ಛಾವಣಿ ಮುಖ್ಯ. 150 ಮಿ.ಮೀ. ಬರಿ ಸ್ಲ್ಯಾಬಿನ ಯು-ಮೌಲ್ಯ (ಬಿಸಿ ದಾಟುವ ಪ್ರಮಾಣ) 3.5ರ ಆಸುಪಾಸು, 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಹಾಳೆ ಹಾಕಿದರೆ ಅದು 1ಕ್ಕೆ ಇಳಿಯುತ್ತದೆ. ಮೇಲೆ ಬಿಳಿ ಚೈನಾ ಮೊಸಾಯಿಕ್. ಕಲಬುರಗಿಗೆ ಹೋದರೆ ದಪ್ಪ ಗೋಡೆ, ರಾತ್ರಿಯ ಗಾಳಿ ಬೇಕು, 3,500 ಮಿ.ಮೀ. ಮೀರಿ ಮಳೆ ಸುರಿಯುವ ಮಂಗಳೂರಿಗೆ ಇಳಿಜಾರು ಮಾಡು ಬೇಕು. ಈ ಸೆಕ್ಷನ್ನನ್ನು ಹಾಗೆಯೇ ಅಲ್ಲಿಗೆ ಒಯ್ಯಬೇಡಿ.

ಏಳನೇ ವಾರ: ಛಾವಣಿ ಮತ್ತು ನೀರು

ಛಾವಣಿ 750 ಚ.ಮೀ. 75,000 ಯೂನಿಟ್‌ಗೆ 50 ಕಿಲೋವ್ಯಾಟ್ ಸೋಲಾರ್ ಬೇಕು, ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಹಿಡಿದರೆ 73,000 ಬಂತು. ಅದಕ್ಕೆ ಸುಮಾರು 400 ಚ.ಮೀ. ಹೋಯಿತು. ಉಳಿದದ್ದರಲ್ಲಿ ಟ್ಯಾಂಕ್, ಮೆಟ್ಟಿಲಿನ ತಲೆ, ಎಸಿ ಹೊರಘಟಕ, ಓಡಾಡುವ ದಾರಿ. ಆರ್ಕಿಟೆಕ್ಟ್ ಮನಸ್ಸಿನಲ್ಲಿ ಅಲ್ಲೊಂದು ತೋಟವೂ ಇರುತ್ತದೆ. 150 ಮಿ.ಮೀ. ನೆನೆದ ಮಣ್ಣು ಚ.ಮೀ.ಗೆ 270ರಿಂದ 300 ಕೆ.ಜಿ. ತೂಗುತ್ತದೆ, ಮಾಮೂಲು ಛಾವಣಿಗೆ ಹಿಡಿಯುವ ಬಳಕೆಯ ಭಾರ 150 ಕೆ.ಜಿ. ತೋಟ ಬೇಕೋ ಬೇಡವೋ ಎಂದು ಈ ವಾರ ಹೇಳದಿದ್ದರೆ ಮತ್ತೆ ಕೇಳಬಾರದು.

ನೈಋತ್ಯದ ಟ್ಯಾಂಕಿಗೆ ಬರೋಣ. 3 ಮೀ. ಎತ್ತರದ ಟ್ಯಾಂಕ್ ಡಿಸೆಂಬರ್ 21ರಂದು ಸೂರ್ಯಮಾನದ 3 ಗಂಟೆಗೆ 4.6 ಮೀ. ಉದ್ದದ ನೆರಳನ್ನು ಈಶಾನ್ಯಕ್ಕೆ ಚೆಲ್ಲುತ್ತದೆ: ಉತ್ತರಕ್ಕೆ 3 ಮೀ., ಪೂರ್ವಕ್ಕೆ 3.6 ಮೀ. ಆ ಚೌಕದಲ್ಲಿ ಪ್ಯಾನೆಲ್ ಬದಲು ಎಸಿ ಹೊರಘಟಕ ಇಡಿ, ವಾಸ್ತುವೂ ಉಳಿಯಿತು, ಯೂನಿಟ್ಟೂ ಉಳಿಯಿತು. ಪ್ಯಾನೆಲ್ ಸ್ಟ್ಯಾಂಡಿನ ವಿಷಯದಲ್ಲಿ ತೂಕಕ್ಕಿಂತ ಗಾಳಿ ಮೇಲೆತ್ತುವ ಬಲವೇ ಮುಖ್ಯ. ಅದರ ಬೋಲ್ಟುಗಳಿಗೆ ಕಾಂಕ್ರೀಟ್ ಪೀಠವನ್ನು ವಾಟರ್‌ಪ್ರೂಫಿಂಗ್‌ಗೆ ಮೊದಲೇ ಹಾಕಿಸಿ. ಆಮೇಲೆ ಡ್ರಿಲ್ ಮಾಡಿದ ಪ್ರತಿ ತೂತೂ ಸೋರುತ್ತದೆ.

ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಶೇ. 85 ಸಿಗುತ್ತದೆಂದರೆ ಛಾವಣಿಯಿಂದ ವರ್ಷಕ್ಕೆ ಸುಮಾರು 6.2 ಲಕ್ಷ ಲೀಟರ್. 60 ಮಿ.ಮೀ.ನ ಒಂದು ಜೋರು ಮಳೆಗೇ 38,000 ಲೀಟರ್ ಬರುತ್ತದೆ, ಹಾಗಾಗಿ 40,000 ಲೀಟರಿನ ಸಂಪು ಸರಿಯಾದ ಅಳತೆ. ಹೆಚ್ಚಾದದ್ದು ಇಂಗುಬಾವಿಗೆ, ಪಾಯದಿಂದ ಕನಿಷ್ಠ 3ರಿಂದ 5 ಮೀ. ದೂರದಲ್ಲಿ. ಫ್ಲಶ್‌ಗೆ ದಿನಕ್ಕೆ 3,000 ಲೀಟರ್ ಸಂಸ್ಕರಿಸಿದ ನೀರು ಬೇಕು. ಅದಕ್ಕೆ ಬೇರೆ ಪೈಪು, ಬೇರೆ ಟ್ಯಾಂಕ್. ಶಾಫ್ಟ್ 900 ಮಿ.ಮೀ.ಗಿಂತ ಕಿರಿದಾದರೆ ಪ್ಲಂಬರ್ ಒಳಗೆ ನಿಂತು ಕೆಲಸ ಮಾಡಲಾರ.

ಎಂಟನೇ ವಾರ: ಗಟ್ಟಿ ಮಾಡುವುದು

ಮಂಜೂರಾತಿಯ ನಕ್ಷೆ ಬರೆಯುವುದು ಈಗ. ಅದಕ್ಕೆ ಮೊದಲು ಎರಡು ಪುಟದ ತೀರ್ಮಾನಪತ್ರ ಮಾಡಿ: ದಿಕ್ಕು, ಅಗಲ, ಅಂತಸ್ತಿನ ಎತ್ತರ, ಗ್ರಿಡ್, ತಲೆಕೆಳಗಾದ ಬೀಮ್, ಸಜ್ಜಾದ ಅಳತೆ, ಕಿಟಕಿಯ ಬಗೆ, ಎಸಿ ಇರುವ ಕೋಣೆಗಳು, ಸಿಮೆಂಟಿನ ಬಗೆ, ಛಾವಣಿಯ ಹಂಚಿಕೆ. ಪ್ರತಿ ಸಾಲಿನ ಎದುರು ಅದನ್ನು ಬದಲಾಯಿಸಬೇಕಾದರೆ ಯಾರನ್ನು ಕೇಳಬೇಕು ಎಂದು ಬರೆಯಿರಿ. ಗುತ್ತಿಗೆದಾರರು ಖರ್ಚು ಉಳಿಸಲು "ಸಜ್ಜಾ 600 ಸಾಕಲ್ವಾ ಸರ್" ಎಂದಾಗ ಉತ್ತರ ಕೊಡಬೇಕಾದವರು ಆರ್ಕಿಟೆಕ್ಟ್ ಒಬ್ಬರೇ ಅಲ್ಲ. ಎಸಿ ಬೇಡ ಎಂದು ಸಹಿ ಹಾಕಿದ ಎಂಜಿನಿಯರೂ ಹೌದು. ಈ ಪತ್ರವನ್ನು ಟೆಂಡರ್ ಕಾಗದದ ಜೊತೆಗೇ ಲಗತ್ತಿಸಿ.

ಕೊನೆಗೆ ಮೀಟರ್. ಎಸಿ, ಲೈಟು–ಫ್ಯಾನು, ಪ್ಲಗ್ ಪಾಯಿಂಟ್, ಪಂಪು ಇವಕ್ಕೆ ಬೇರೆ ಬೇರೆ ಉಪಮೀಟರ್ ಇರುವಂತೆ ಪ್ಯಾನೆಲ್ ಬೋರ್ಡ್ ವಿನ್ಯಾಸ ಈಗಲೇ ಆಗಬೇಕು. ವೈರಿಂಗ್ ಮುಗಿದ ಮೇಲೆ ಬೇರ್ಪಡಿಸಲು ಗೋಡೆ ಒಡೆಯಬೇಕಾಗುತ್ತದೆ. ಎಲ್ಲ ಸಲಹೆಗಾರರ ಶುಲ್ಕದ ಕೊನೆಯ ಸಣ್ಣ ಕಂತನ್ನು ಕಟ್ಟಡ ಬಳಕೆಗೆ ಬಂದು 12 ತಿಂಗಳ ಮೀಟರ್ ಓದು ಬರುವವರೆಗೆ ತಡೆದಿಡಿ, ಆ ಓದನ್ನು 75,000 ಯೂನಿಟ್‌ನ ಪಕ್ಕಕ್ಕಿಟ್ಟು ನೋಡುವ ಸಭೆಗೆ ಇದೇ ತಂಡವನ್ನು ಕರೆಯಿರಿ.